ಯಾರಿಗೆ ಥ್ಯಾಂಕ್ಸ್ ಹೇಳೋದು, ಫಾದರ್?



ಕಳೆದ ವರ್ಷ ಮರಿಯ ಮಾತೆಯ ಜನನೋತ್ಸವಕ್ಕೆ ನಮ್ಮ ಧರ್ಮಕೇಂದ್ರದ ಪೀಠಸೇವಕ ಮಕ್ಕಳು ಹನ್ನೊಂದು ಮಂದಿಯನ್ನು ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾಕ್ಕೆ ಕರೆದುಕೊಂಡು ಹೋಗಿದ್ದೆ. ಬಲಿಪೂಜೆ ಮುಗಿಯಿತು, ಆ ಜನಸಾಗರದ ನಡುವೆ ನುಗ್ಗಿ ಮೇಣದಬತ್ತಿ ಹಚ್ಚಿದ್ದೂ ಆಯಿತು. ಉಳಿದದ್ದು ಐಸ್ ಕ್ರೀಂ. ಊರಿನಿಂದ ಹೊರಡುವಾಗಲೇ ಕೊಟ್ಟ ಮಾತು ಅದು. ಮಕ್ಕಳು ನನ್ನ ಪ್ರಬೋಧನೆಯನ್ನು ಮರೆತಾರು, ಇಂಥ ಮಾತನ್ನು ಮರೆಯುವುದುಂಟೇ?

ನಾವು ಹೋದ ಅಂಗಡಿಯಲ್ಲಿ ಐಸ್ ಕ್ರೀಂ ಕೊಡುವವರು ಯಾರೂ ಕಾಣಲಿಲ್ಲ. ಒಂದು ಗಾಜಿನ ಗೂಡು, ಅದರೊಳಗೆ ಒಂದು ಯಾಂತ್ರಿಕ ತೋಳು. ಹೊರಗಿನ ಪರದೆಯ ಮೇಲೆ ಬೇಕಾದ ಚಿತ್ರವನ್ನು ಬೆರಳಿನಿಂದ ಮುಟ್ಟಬೇಕು, ಮೊಬೈಲಿನಲ್ಲಿ ಹಣ ಕಟ್ಟಬೇಕು. ಆ ತೋಳು ಒಂದು ಲೋಟವನ್ನು ಎತ್ತಿಕೊಂಡು ನಳಿಕೆಯ ಕೆಳಗೆ ಹಿಡಿಯುತ್ತದೆ, ಸುತ್ತಿ ಸುತ್ತಿ ತುಂಬಿಸಿಕೊಳ್ಳುತ್ತದೆ, ಸಣ್ಣ ಕಿಂಡಿಯಲ್ಲಿ ತಂದಿಟ್ಟು ಹಿಂದಕ್ಕೆ ಸರಿಯುತ್ತದೆ. ಮಕ್ಕಳಿಗೆ ಐಸ್ ಕ್ರೀಮಿಗಿಂತ ಇದೇ ಹೆಚ್ಚು ಮೋಜು. ಎಲ್ಲರಿಗಿಂತ ಚಿಕ್ಕವನು, ಒಂಬತ್ತು ವರ್ಷದವನು, ತನ್ನ ಸರದಿ ಬಂದಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಕಿಂಡಿಗೆ 'ಥ್ಯಾಂಕ್ಸ್' ಎಂದ. ಉಳಿದವರು ಗೊಳ್ಳೆಂದು ನಕ್ಕರು. ಅವನು ನಾಚಿಕೊಳ್ಳಲಿಲ್ಲ, ನನ್ನತ್ತ ತಿರುಗಿ, 'ಮತ್ತೆ ಯಾರಿಗೆ ಹೇಳೋದು, ಫಾದರ್?' ಎಂದು ಕೇಳಿದ.

ಅಷ್ಟರಲ್ಲಿ ಇನ್ನೊಬ್ಬನ ಸರದಿ, ಗದ್ದಲ. ಮಾತು ಅಲ್ಲಿಗೆ ನಿಂತಿತು. ಆದರೆ ಪ್ರಶ್ನೆ ನಿಲ್ಲಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ ಓದಿದವನಿಗೆ ಇಂಥ ಪ್ರಶ್ನೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ನಿಮ್ಮ ಮಗುವೂ ನಾಳೆ ನಿಮ್ಮನ್ನು ಇದನ್ನೇ ಕೇಳಬಹುದು. ಆದ್ದರಿಂದ ಇಬ್ಬರೂ ಕೂತು ಸ್ವಲ್ಪ ಯೋಚಿಸೋಣ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡೋಣ. ಅದರ ಮೇಲ್ಭಾಗದ ತೊಟ್ಟಿಯಲ್ಲಿ ಹಾಲು, ಸಕ್ಕರೆ, ಕೊಬ್ಬು ಬೆರೆತ ದ್ರವ ತಣ್ಣಗೆ ಕಾದಿರುತ್ತದೆ. ಅದು ಕೊಳವೆಯಾಕಾರದ ಶೀತಕಕ್ಕೆ ಇಳಿಯುವಾಗ ಗಾಳಿಯೂ ಸೇರುತ್ತದೆ. ಗೋಡೆಗೆ ಅಂಟಿದ ಮಂಜಿನ ಹರಳುಗಳನ್ನು ಒಳಗಿನ ಅಲಗು ಬಿಡುವಿಲ್ಲದೆ ಕೆರೆಯುತ್ತಿರುವುದರಿಂದಲೇ ಅದು ಕಲ್ಲಾಗದೆ ಬೆಣ್ಣೆಯಂತೆ ಇಳಿಯುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಐಸ್ ಕ್ರೀಂ ಎಂದು ಕರೆಸಿಕೊಳ್ಳಲು ಅದರಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇಕಡಾ 10 ಇರಬೇಕು, ಒಂದು ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು. ಅಂದರೆ ನಾವು ದುಡ್ಡು ಕೊಟ್ಟು ತಿನ್ನುವುದರಲ್ಲಿ ಅರ್ಧದಷ್ಟು ಗಾಳಿ ಇದ್ದರೂ ಕಾನೂನು ತಕರಾರು ಮಾಡುವುದಿಲ್ಲ. ಇರಲಿ, ಯಂತ್ರ ಅಳೆಯುವುದರಲ್ಲಿ ಮೋಸ ಮಾಡುವುದಿಲ್ಲ. ಹನ್ನೊಂದು ಮಕ್ಕಳಿಗೂ ಹನ್ನೊಂದು ಸಮ ಸುರುಳಿಗಳು. 'ಅವನಿಗೆ ಜಾಸ್ತಿ, ನನಗೆ ಕಮ್ಮಿ' ಎಂಬ ಜಗಳವೇ ಹುಟ್ಟಲಿಲ್ಲ. ಹನ್ನೊಂದು ಮಕ್ಕಳೊಡನೆ ಪ್ರಯಾಣ ಮಾಡಿದವರಿಗೆ ಅದರ ಬೆಲೆ ಗೊತ್ತು.

ಇದು ಹೊಸ ಸಂಗತಿಯೆಂದು ಭಾವಿಸಬೇಡಿ. ಪ್ರಭು ಯೇಸುವಿನ ಕಾಲಕ್ಕೆ ಹತ್ತಿರದಲ್ಲೇ, ಮೊದಲನೆಯ ಶತಮಾನದಲ್ಲಿ, ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತ ಇಂಥ ಒಂದು ಸಾಧನವನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅದು ಕೊಡುತ್ತಿದ್ದುದು ದೇವಾಲಯದ ಪವಿತ್ರ ಜಲವನ್ನು! ಐದು ದ್ರಾಕ್ಮಾ ನಾಣ್ಯ ಹಾಕಿದರೆ ಅದು ಒಳಗಿನ ಸಣ್ಣ ತಟ್ಟೆಯ ಮೇಲೆ ಬೀಳುತ್ತದೆ, ತಟ್ಟೆ ಬಾಗಿದಾಗ ಇನ್ನೊಂದು ತುದಿ ಮುಚ್ಚಳವನ್ನೆತ್ತುತ್ತದೆ, ನಾಣ್ಯ ಜಾರಿ ಬೀಳುವ ತನಕ ನೀರು ಹರಿಯುತ್ತದೆ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ಬಿಂದಿಗೆ ಇಟ್ಟು ನಿಲ್ಲುವ ತಾಯಂದಿರು ಎರಡು ಸಾವಿರ ವರ್ಷದ ಹಿಂದಿನ ಈ ಯುಕ್ತಿಯ ವಾರಸುದಾರರೇ. (ನಮ್ಮ ದೇವಾಲಯದ ಬಾಗಿಲಿನ ತೀರ್ಥದ ಬಟ್ಟಲಿಗೆ ಇಂಥದ್ದನ್ನು ಜೋಡಿಸಬಾರದೇ ಎಂದು ನಮ್ಮ ಹಣಕಾಸು ಸಮಿತಿಯವರು ದಯವಿಟ್ಟು ಯೋಚಿಸದಿರಲಿ.)

ಹಾಗಾದರೆ ತೊಂದರೆಯೇನು? ಸಮನಾಗಿ, ಶುಚಿಯಾಗಿ, ಬೇಗ ಸಿಕ್ಕಿತಲ್ಲ?

ಸಂತ ಥಾಮಸ್ ಅಕ್ವಿನಾಸರು ನ್ಯಾಯವೆಂದರೇನು ಎಂದು ವಿವರಿಸುವಾಗ ಅದನ್ನು ತಕ್ಕಡಿಯಲ್ಲಿ ಇಡುವುದಿಲ್ಲ, ಮನುಷ್ಯನ ಸಂಕಲ್ಪದಲ್ಲಿ ಇಡುತ್ತಾರೆ. ಪ್ರತಿಯೊಬ್ಬನಿಗೂ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕೆಂಬ ಸ್ಥಿರವಾದ ಇಚ್ಛೆಯೇ ಅವರ ಪ್ರಕಾರ ನ್ಯಾಯ. ಈ ಮಾತನ್ನು ಹಿಡಿದು ನೋಡಿದರೆ ಯಂತ್ರ ನಮಗೆ ಸರಿಯಾದ ಅಳತೆಯನ್ನು ಕೊಡುತ್ತದೆ, ನ್ಯಾಯವನ್ನು ಕೊಡುವುದಿಲ್ಲ. ಕೊಡುವ ಇಚ್ಛೆಯೂ ಕೊಡದಿರುವ ಇಚ್ಛೆಯೂ ಅದಕ್ಕಿಲ್ಲ. ಹೆಚ್ಚು ಕೊಟ್ಟರೆ ಅದು ಕೆಟ್ಟಿದೆ ಎಂದರ್ಥ, ಕಮ್ಮಿ ಕೊಟ್ಟರೂ ಕೆಟ್ಟಿದೆ ಎಂದರ್ಥ, ರಿಪೇರಿಯವನನ್ನು ಕರೆಸಬೇಕು.

ನಮ್ಮ ಕನ್ನಡದಲ್ಲಿ ಒಂದು ಮುದ್ದಾದ ಪದವಿದೆ, 'ಕೊಸರು'. ಸಂತೆಯಲ್ಲಿ ಸೇರು ಅಳೆದು ಸುರಿದ ಮೇಲೆ ಹಾಕುವ ಇನ್ನೊಂದು ಹಿಡಿ. ಹೂವಾಡಗಿತ್ತಿ ಮೊಳ ಅಳೆದು ಕತ್ತರಿಸುವ ಮುಂಚೆ ಬಿಡುವ ನಾಲ್ಕು ಬೆರಳಿನಷ್ಟು ಹೂವು. ಅದನ್ನು ಕೇಳುವ ಹಕ್ಕು ನಮಗಿಲ್ಲ. ಆದರೂ ಕೇಳುತ್ತೇವೆ. ಕೊಡಬೇಕಾದ ಕಟ್ಟಳೆ ಅವಳಿಗಿಲ್ಲ. ಆದರೂ ಕೊಡುತ್ತಾಳೆ, ಕೆಲವೊಮ್ಮೆ ಬೈದುಕೊಂಡು. ಹೀಗೆ ಲೆಕ್ಕದ ಆಚೆ ಒಂದು ಹಿಡಿ ಬಿದ್ದಾಗ ಇಬ್ಬರು ಅಪರಿಚಿತರ ನಡುವೆ ವ್ಯಾಪಾರವಲ್ಲದ ಏನೋ ಒಂದು ನಡೆದಿರುತ್ತದೆ. ಲೂಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಅಳತೆಯ ಮಾತನ್ನೆತ್ತಿದಾಗ, ಕೊಸರು ಬಲ್ಲ ನಮ್ಮ ಸಂತೆಯ ಜನಕ್ಕೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇರು ತುಂಬಿದ ಮೇಲೂ ನಿಲ್ಲದ ಕೈ ಅದು.

ನಮ್ಮ ಶಾಲಾ ದಿನಗಳಲ್ಲಿ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಐಸ್ ಕ್ಯಾಂಡಿ ಮಾರುತ್ತಿದ್ದವನು ನಿಮಗೂ ನೆನಪಿರಬಹುದು. ಕಾಸು ಸಾಲದ ಹುಡುಗನಿಗೆ ಮುರಿದ ಕ್ಯಾಂಡಿಯ ಚೂರನ್ನು ಕಾಗದದಲ್ಲಿಟ್ಟು ಕೊಡುತ್ತಿದ್ದ. ಅದು ಮಾರಾಟವಾಗದ ಸರಕು, ಅವನಿಗೆ ನಷ್ಟವೇನೂ ಇರಲಿಲ್ಲ ಎನ್ನಬಹುದು. ಆದರೆ ಆ ಹುಡುಗನ ಮುಖವನ್ನು ಅವನು ನೋಡಿದ್ದ ಎಂಬುದಂತೂ ನಿಜ. ಗಾಜಿನ ಗೂಡಿನ ಮುಂದೆ ಮೊಬೈಲಿಲ್ಲದ ಮಗು ಎಷ್ಟು ಹೊತ್ತು ನಿಂತರೂ ತೋಳು ಕದಲುವುದಿಲ್ಲ.

ಇಷ್ಟು ವಿಚಾರವನ್ನು ಒಂದು ಭಾನುವಾರ ಪೂಜೆಯ ನಂತರ ದೇವಾಲಯದ ಜಗುಲಿಯ ಮೇಲೆ ಕೆಲವರೊಂದಿಗೆ ಹಂಚಿಕೊಂಡೆ. ಎಲ್ಲರೂ ತಲೆದೂಗಿದರು. ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಸುಮ್ಮನಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, 'ಸ್ವಾಮಿ, ನಮ್ಮಪ್ಪನ ಕಾಲಕ್ಕೆ ಆ ಮಿಶಿನ್ನು ಬಂದಿದ್ರೆ ಚೆನ್ನಾಗಿತ್ತು' ಎಂದರು.

ಅವರ ಊರಿನ ಟೀ ಹೋಟೆಲಿನಲ್ಲಿ ಅವರ ಕೇರಿಯವರಿಗೆ ಬೇರೆ ಲೋಟವಿತ್ತಂತೆ. ಅದನ್ನು ಹೊರಗಿನ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ತಾವೇ ತೆಗೆದುಕೊಳ್ಳಬೇಕು, ಕುಡಿದು ತಾವೇ ತೊಳೆದಿಡಬೇಕು. ಹೋಟೆಲಿನವನು ಲೋಟಕ್ಕೆ ತಾಗದಂತೆ ಮೇಲಿನಿಂದ ಟೀ ಹುಯ್ಯುತ್ತಿದ್ದ. ಕೈಗೆ ಸಿಡಿದರೂ ಅಪ್ಪ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ, ಚೆಲ್ಲಿದರೆ ಮತ್ತೆ ಹುಯ್ಯುವುದಿಲ್ಲವಲ್ಲ! ಏಳೆಂಟು ವರ್ಷದ ಮಗ ಪಕ್ಕದಲ್ಲಿ ನಿಂತು ಇದನ್ನು ನೋಡುತ್ತಿದ್ದ. 'ನೀವು ಕೊಸರು ಅಂತೀರಿ ಸ್ವಾಮಿ. ನಮ್ಗೆ ಸಿಕ್ಕಿದ್ದ ಕೊಸರು ಅದು' ಎಂದರು.

ಓದುಗರೇ, ಈ ಮಾತಿನ ಮುಂದೆ ನನ್ನ ಅಕ್ವಿನಾಸರ ಪಾಠವನ್ನು ಬದಿಗಿಟ್ಟು ಸ್ವಲ್ಪ ನಿಲ್ಲಲೇಬೇಕು. ಕೈಯಿಂದ ಕೈಗೆ ದಾಟುವಾಗ ಪ್ರೀತಿ ಮಾತ್ರ ದಾಟುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಲು ಬಾಬಾಸಾಹೇಬ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದುಹೋಗಬೇಕಾಯಿತು. ಕೆರೆ ಯಾರನ್ನೂ ತಡೆದಿರಲಿಲ್ಲ, ದಡದ ಮೇಲಿನ ಮನುಷ್ಯರು ತಡೆದಿದ್ದರು. ನಾಣ್ಯ ಹಾಕಿದರೆ ನೀರು ಕೊಡುವ ಘಟಕ 'ನೀನು ಯಾವ ಕೇರಿ' ಎಂದು ಕೇಳುವುದಿಲ್ಲ. ಸಂವಿಧಾನದ 17ನೆಯ ವಿಧಿ 1950ರಿಂದ ಹೇಳುತ್ತಾ ಬಂದದ್ದನ್ನು ಆ ತಗಡಿನ ಪೆಟ್ಟಿಗೆ ಮರುಮಾತಿಲ್ಲದೆ ಪಾಲಿಸುತ್ತದೆ. ನಾವು ಕ್ರೈಸ್ತರು ಇದನ್ನು ಹೊರಗಿನವರ ಕತೆಯೆಂದು ಓದುವಂತಿಲ್ಲ. ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆಯೆಂದು 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು.

ಹೊರದೇಶದಲ್ಲೂ ಬಡವರು ಯಂತ್ರದ ಮುಂದೆ ಒಂದು ನೆಮ್ಮದಿಯನ್ನು ಕಂಡದ್ದುಂಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1902ರಲ್ಲಿ ಹಾರ್ನ್ ಮತ್ತು ಹಾರ್ಡಾರ್ಟ್ ಎಂಬಿಬ್ಬರು 'ಆಟೊಮ್ಯಾಟ್' ಎಂಬ ಹೋಟೆಲು ತೆರೆದರು. ಗೋಡೆಯ ತುಂಬ ಗಾಜಿನ ಪುಟ್ಟ ಬಾಗಿಲುಗಳು, ಪ್ರತಿಯೊಂದರ ಹಿಂದೆ ಒಂದು ತಿಂಡಿ. ಐದು ಸೆಂಟಿನ ನಾಣ್ಯ ಹಾಕಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆಯುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಅಲ್ಲಿ ಒಂದು ಕಾಫಿ ಹಿಡಿದುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಕೋಟು ಹರಿದಿದೆಯೇ ಎಂದು ನೋಡುವ ಮಾಣಿಯಿಲ್ಲ, ಇನಾಮು ಕೊಡಬೇಕಾದ ಮುಜುಗರವಿಲ್ಲ. ನ್ಯೂಯಾರ್ಕಿನಲ್ಲಿದ್ದ ಅವರ ಕೊನೆಯ ಆಟೊಮ್ಯಾಟ್ 1991ರಲ್ಲಿ ಮುಚ್ಚಿತು.

ಆದರೂ ನಮ್ಮ ಹಿರಿಯರಿಗೆ ನಾನೊಂದು ಪ್ರಶ್ನೆ ಕೇಳಿದೆ. 'ಅಲ್ಲ ಅಣ್ಣಾ, ನಿಮ್ಮ ಅಪ್ಪನಿಗೆ ನಿಜವಾಗಿ ಬೇಕಾಗಿದ್ದದ್ದು ಮಿಶಿನ್ನೇ?' ಅವರು ತುಂಬ ಹೊತ್ತು ಯೋಚಿಸಿದರು. 'ಮಿಶಿನ್ ಸಾಕಾಗಿತ್ತು. ಬೇಕಾಗಿದ್ದದ್ದು ಬೇರೆ. ಅವನು ಲೋಟ ಕೈಗೆ ಕೊಡಬೇಕಾಗಿತ್ತು.'

ಈ 'ಸಾಕು' ಮತ್ತು 'ಬೇಕು'ಗಳ ನಡುವಿನ ದೂರವನ್ನು ಯಾವ ದೈವಶಾಸ್ತ್ರದ ತರಗತಿಯಲ್ಲೂ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿರಲಿಲ್ಲ. ಯಂತ್ರ ಅವಮಾನಿಸಲಾರದು, ಏಕೆಂದರೆ ಅದು ಗೌರವಿಸಲೂ ಆರದು. ಅವಮಾನ ಉಂಡವನಿಗೆ ಅವಮಾನವಿಲ್ಲದ ಒಂದು ಲೋಟ ಟೀ ದೊಡ್ಡದೇ. ಅದನ್ನು ಹಗುರವಾಗಿ ಮಾತನಾಡುವ ಅಧಿಕಾರ, ಯಾವತ್ತೂ ಒಳಗಿನ ಬೆಂಚಿನ ಮೇಲೆ ಕೂತು ಕುಡಿದ ನಮಗಿಲ್ಲ. ಆದರೆ ಯಂತ್ರ ಬಂದ ಮಾತ್ರಕ್ಕೆ ಹೋಟೆಲಿನವನ ಕೈ ಶುದ್ಧವಾಯಿತೇ? ಅವನು ತನ್ನ ಮೈಲಿಗೆಯ ಭಾವನೆಯನ್ನು ಹಾಗೇ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರಬಹುದು. ಯಂತ್ರ ಅವನನ್ನು ಪರೀಕ್ಷೆಯಿಂದ ತಪ್ಪಿಸಿತು, ಅಷ್ಟೆ. ಹೊಸ ಅಂಗಡಿಗಳನ್ನು ಹೊಗಳುವವರೂ ಹಳೆಯ ದಿನಗಳಿಗೆ ಹಂಬಲಿಸುವವರೂ ಈ ಹಿರಿಯರ ಮುಂದೆ ಐದು ನಿಮಿಷ ಕೂತು ಬರುವುದು ಒಳ್ಳೆಯದು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಯಾರಿಗೆ ಹೇಳಬೇಕು?

ಮೇಲೆ ಹೇಳಿದ ಆಟೊಮ್ಯಾಟಿನ ಒಂದು ಗುಟ್ಟನ್ನು ಇನ್ನೂ ಹೇಳಿಲ್ಲ. ಆ ಗೋಡೆಯ ಹಿಂದೆ ಹೆಂಗಸರು ನಿಂತಿರುತ್ತಿದ್ದರು. ಒಂದು ಗೂಡು ಖಾಲಿಯಾದರೆ ಅವರು ಹಿಂಬದಿಯಿಂದ ಇನ್ನೊಂದು ತಟ್ಟೆ ಇಡುತ್ತಿದ್ದರು. ತಿನ್ನುವವನಿಗೆ ಅವರ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಅವನು ತನ್ನ ತಟ್ಟೆಯನ್ನು ಯಂತ್ರವೇ ಕೊಟ್ಟಿತೆಂದುಕೊಂಡ.

ನಮ್ಮ ಐಸ್ ಕ್ರೀಂ ಅಂಗಡಿಯಲ್ಲೂ ಹಾಗೇ ಆಯಿತು. ಮಕ್ಕಳು ತಿನ್ನುತ್ತಿದ್ದಾಗ ಗೂಡಿನ ಹಿಂದಿನ ಬಾಗಿಲು ತೆರೆದು ಯುವತಿಯೊಬ್ಬಳು ಹಾಲಿನ ಮಿಶ್ರಣದ ಪೊಟ್ಟಣಗಳನ್ನು ಹಿಡಿದು ಬಂದಳು. ಉತ್ತರ ಕರ್ನಾಟಕದ ಮಾತು. ಅಂಗಡಿ ಮುಚ್ಚಿದ ಮೇಲೆ ಯಂತ್ರದ ಭಾಗಗಳನ್ನು ಬಿಚ್ಚಿ ತೊಳೆಯುವವಳು ಅವಳೇ. ಹಾಲಿನ ಜಿಡ್ಡು ಒಂದು ರಬ್ಬರ್ ಬಳೆಯ ಸಂದಿನಲ್ಲಿ ಉಳಿದರೂ ರೋಗಾಣು ಬೆಳೆಯುತ್ತದೆ, ಕೆಲವು ರೋಗಾಣುಗಳಿಗೆ ತಂಪೂ ಅಡ್ಡಿಯಲ್ಲ. ನಮ್ಮ ಹನ್ನೊಂದು ಮಕ್ಕಳ ಹೊಟ್ಟೆ ಆ ದಿನ ಅವಳ ಬ್ರಷ್ಷನ್ನು ನಂಬಿತ್ತು. 'ಕೆಲಸ ಹೆಂಗದಮ್ಮಾ?' ಎಂದು ಕೇಳಿದೆ. 'ಚಲೋ ಅದರಿ. ಮೊದ್ಲಿನ ಅಂಗಡ್ಯಾಗ ಗಿರಾಕಿ ಬಾಯಿಗೆ ಬಂದಂಗ ಮಾತಾಡ್ತಿದ್ರು. ಇಲ್ಲಿ ಯಾರೂ ನನ್ನ ನೋಡೂದಿಲ್ರಿ' ಎಂದಳು. ಅದನ್ನು ಅವಳು ಸಂತೋಷದಿಂದಲೇ ಹೇಳಿದಳು. ಇದೂ ಆ ರೈಲ್ವೆಯ ಹಿರಿಯರ 'ಸಾಕು' ಎಂಬ ಜಾತಿಯ ಮಾತೇ ಎಂದು ಈಗ ತೋರುತ್ತದೆ. ನಮ್ಮ ಚಿಕ್ಕವನು ಮಾತ್ರ ಇದನ್ನೆಲ್ಲ ಕೇಳಿಸಿಕೊಂಡವನು ಅವಳ ಹತ್ತಿರ ಹೋಗಿ 'ಥ್ಯಾಂಕ್ಸ್ ಅಕ್ಕಾ' ಎಂದ. ಯಾತಕ್ಕೆಂದು ಅವಳಿಗೆ ತಿಳಿಯಲಿಲ್ಲ, ನಕ್ಕು ಒಳಗೆ ಹೋದಳು.

ಜಗದ್ಗುರು ಎರಡನೇ ಜಾನ್ ಪಾಲರು 1981ರ 'ಲಾಬೋರೆಮ್ ಎಕ್ಸರ್ಚೆನ್ಸ್' ಪರಿಪತ್ರದಲ್ಲಿ ದುಡಿಮೆಯನ್ನು ಎರಡು ಬದಿಯಿಂದ ನೋಡಿದರು. ದುಡಿಮೆಯಿಂದ ಏನು ಉತ್ಪತ್ತಿಯಾಯಿತು ಎಂಬುದು ಒಂದು ಬದಿ, ದುಡಿದವರು ಯಾರು ಎಂಬುದು ಇನ್ನೊಂದು ಬದಿ. ಎರಡನೆಯದೇ ಹೆಚ್ಚು ತೂಕದ್ದು ಎಂದರು. ತಂತ್ರಜ್ಞಾನ ಮನುಷ್ಯನ ಮಿತ್ರ, ಆದರೆ ಅದು ಅವನನ್ನು ಹೊರದಬ್ಬತೊಡಗಿದಾಗ ಶತ್ರುವಿನಂತೆ ಆಗಿಬಿಡಬಹುದು ಎಂದೂ ಎಚ್ಚರಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋ ತಮ್ಮ ಹೆಸರಿನ ಕಾರಣವನ್ನು ಕಾರ್ಡಿನಲರಿಗೆ ವಿವರಿಸುವಾಗ, 1891ರಲ್ಲಿ ಕಾರ್ಮಿಕರ ಪರವಾಗಿ 'ರೇರುಮ್ ನೊವಾರುಮ್' ಬರೆದ ಹದಿಮೂರನೇ ಲಿಯೋರನ್ನೂ ಇಂದಿನ ಕೃತಕ ಬುದ್ಧಿಮತ್ತೆಯನ್ನೂ ಒಟ್ಟಿಗೆ ನೆನೆದರು. ಕೌಂಟರಿನ ಮುಂದೆ ನಿಂತು ಲೋಟ ತುಂಬಿಸುತ್ತಿದ್ದ ಹುಡುಗ ಈಗ ಎಲ್ಲಿದ್ದಾನೆ? ಆ ಕೆಲಸ ತೀರಾ ಸಣ್ಣದಿರಬಹುದು. ಆದರೆ ಹಳ್ಳಿಯಿಂದ ನಗರಕ್ಕೆ ಬಂದ ಎಷ್ಟೋ ನಮ್ಮ ಮಕ್ಕಳ ಮೊದಲ ಸಂಬಳ ಇಂಥ ಕೌಂಟರುಗಳಿಂದಲೇ ಮನೆಗೆ ಬಂದದ್ದು. ಮಾಲೀಕರಾಗಿರುವ ನಮ್ಮ ಭಕ್ತಾದಿಗಳು ಯಂತ್ರದ ಬೆಲೆಯನ್ನು ಲೆಕ್ಕ ಹಾಕುವಾಗ ಈ ಸಾಲನ್ನೂ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಇದು ಕುಟುಂಬದ ಪುಟ. ಆದ್ದರಿಂದ ಅಂಗಡಿಯಿಂದ ನಿಮ್ಮ ಅಡುಗೆಮನೆಗೆ ಬರುತ್ತೇನೆ, ಬೇಸರಿಸಬೇಡಿ. ಮನೆಗಳನ್ನು ಆಶೀರ್ವದಿಸಲು ಹೋದಾಗ ಎಷ್ಟೋ ಕಡೆ ಊಟಕ್ಕೂ ಕೂರುತ್ತೇನೆ. ಗುರುಗಳು ಬಂದಿದ್ದಾರೆಂದು ಮೊದಲ ಐದು ನಿಮಿಷ ಎಲ್ಲರೂ ನೆಟ್ಟಗಿರುತ್ತಾರೆ. ಆಮೇಲೆ ಒಬ್ಬೊಬ್ಬರ ಕಣ್ಣೂ ಮೊಬೈಲಿಗೆ ಇಳಿಯುತ್ತದೆ. ತಟ್ಟೆ ಮುಂದಕ್ಕೆ ಸರಿಯುತ್ತದೆ, ಸಾರು ಬೀಳುತ್ತದೆ. ತಟ್ಟೆ ಹಿಂದಕ್ಕೆ ಬರುತ್ತದೆ. ಸೌಟು ಹಿಡಿದ ತಾಯಿ 'ಇನ್ನೊಂಚೂರು?' ಎಂದು ಕೇಳುತ್ತಾಳೆ. ಅದೇ ನೋಡಿ ಕೊಸರು! ತಲೆಯೆತ್ತದೆ 'ಹೂಂ' ಎನ್ನುತ್ತಾರೆ. ಆ ಅಂಗಡಿಯಲ್ಲಿ ಪರದೆ ಮುಟ್ಟುವವರಾದರೂ ತೋಳಿನತ್ತ ಕುತೂಹಲದಿಂದ ನೋಡುತ್ತಿದ್ದರು. ಯಂತ್ರವೊಂದು ಮನುಷ್ಯನ ಜಾಗದಲ್ಲಿ ನಿಂತದ್ದು ನಮಗೆ ಸುದ್ದಿಯಾಗುತ್ತದೆ, ಮನುಷ್ಯರೊಬ್ಬರನ್ನು ಮೂವತ್ತು ವರ್ಷ ಯಂತ್ರದ ಜಾಗದಲ್ಲಿ ನಿಲ್ಲಿಸಿಕೊಂಡದ್ದು ಆಗುವುದಿಲ್ಲ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ತಳ ಹತ್ತಿದ್ದನ್ನು ಕೆರೆದು ಉಣ್ಣುವವಳಿಗೆ ಬಡಿಸುವವರು ಯಾರು? ಉಯಿರ್ತೆದ್ದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಕೆಂಡ ಹೊತ್ತಿಸಿ, ಮೀನು ಸುಟ್ಟು, ರಾತ್ರಿಯಿಡೀ ದುಡಿದು ಬಂದ ಶಿಷ್ಯರಿಗೆ ತಾನೇ ಎತ್ತಿ ಕೊಟ್ಟದ್ದನ್ನು ಯೊವಾನ್ನರು ಬರೆದಿಟ್ಟಿದ್ದಾರೆ. ಗಂಡಸರು ಆ ಅಧ್ಯಾಯವನ್ನು ಒಮ್ಮೆ ಓದಿ ಸೌಟಿನತ್ತ ನೋಡಲಿ.

ಈ ವಿಷಯವನ್ನು ಧರ್ಮೋಪದೇಶದ ತರಗತಿಯಲ್ಲಿ ಹೇಳಿದ ವಾರ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಬಂದಳು. ಹಿಂದಿನ ರಾತ್ರಿ ಊಟಕ್ಕೆ ಕೂತ ಅವಳ ಹದಿಮೂರು ವರ್ಷದ ಮಗಳು ಮುದ್ದೆ ಹಾಕಿಸಿಕೊಂಡು, ಮುಖ ನೋಡಿ, 'ಥ್ಯಾಂಕ್ಸ್ ಅಮ್ಮಾ' ಎಂದಳಂತೆ. ತಾಯಿ ಗಾಬರಿಯಾಗಿ ಮಗಳ ಹಣೆ ಮುಟ್ಟಿ ನೋಡಿದಳಂತೆ. 'ಜ್ವರ ಇರಲಿಲ್ಲ, ಫಾದರ್' ಎಂದಳು.